ಹಸಿರು ಹೂವಿಗೆ ರಿಬ್ಬನ್

ಫೆಬ್ರವರಿ 9, ಸೋಮವಾರ

ಬೆಳಗ್ಗೆ ನಾನು ಹಾಗೆ ನಗಬಾರದಿತ್ತು.

ಹಿತ್ತಲಲ್ಲಿರುವುದು ಮೂರೇ ಬ್ರೊಕೊಲಿ ಗಿಡ. ದೊಡ್ಡ ಗಿಡದ ಎಲೆಗಳನ್ನು ಯಾರೋ ಮೇಲಕ್ಕೆತ್ತಿ, ಹೂವನ್ನು ಪೂರ್ತಿ ಮುಚ್ಚಿ, ರಿಬ್ಬನ್ನಿನಿಂದ ಕಟ್ಟಿದ್ದರು. ನಾನು ವಾರದಿಂದ ಹುಡುಕುತ್ತಿದ್ದ ನನ್ನದೇ ರಿಬ್ಬನ್!

"ನಾನೇ ಕಣೇ ಕಟ್ಟಿದ್ದು," ಅಂದರು ಅತ್ತೆ. "ಬಿಸಿಲಿಗೆ ಹೂಕೋಸಿನ ಬಣ್ಣ ಕೆಟ್ಟಿದೆ ನೋಡು. ಮುಚ್ಚಿಟ್ರೆ ಬೆಳ್ಳಗಾಗುತ್ತೆ. ನಮ್ಮಮ್ಮ ಹೀಗೇ ಬೆಳೆಸ್ತಿದ್ರು."

ಹೊಟ್ಟೆ ಹುಣ್ಣಾಗುವಂತೆ ನಕ್ಕುಬಿಟ್ಟೆ. ಇದರ ಬಣ್ಣವೇ ಹಸಿರು ಅಂದರೂ ನಂಬಲಿಲ್ಲ. ಅವರು ಹಿಡಿದ ಮೊಲಕ್ಕೆ ಮೂರೇ ಕಾಲು. ಆಮೇಲೆ ಮಧ್ಯಾಹ್ನದವರೆಗೂ ನನ್ನೊಡನೆ ಮಾತಿಲ್ಲ, ಕತೆಯಿಲ್ಲ.

ಕೊನೆಗೆ ಚಾಕುವನ್ನು ಅವರ ಕೈಗೇ ಕೊಟ್ಟೆ. "ನೀವೇ ಕೊಯ್ಯಿರಿ ಅತ್ತೆ. ತಡ ಮಾಡಿದ್ರೆ ಮೊಗ್ಗು ಅರಳಿ ಹಳದಿಯಾಗುತ್ತೆ."

ಗೊಣಗುತ್ತಲೇ ಬಂದರು. ಆದರೆ ದಂಟನ್ನು ಒಂದೇ ಏಟಿಗೆ, ಓರೆಯಾಗಿ, ಎಷ್ಟು ಚೊಕ್ಕವಾಗಿ ಕತ್ತರಿಸಿದರು! ಓರೆಯಾಗಿ ಕೊಯ್ದರೆ ಗಾಯದ ಮೇಲೆ ನೀರು ನಿಂತು ಕೊಳೆಯುವುದಿಲ್ಲವಂತೆ. ಇದು ನನಗೆ ಗೊತ್ತೇ ಇರಲಿಲ್ಲ.

ಊಟಕ್ಕೆ ಬೆಳ್ಳುಳ್ಳಿ ಹಾಕಿ ಬಾಡಿಸಿದೆ. ಅತ್ತೆ ಎರಡು ಸಲ ಬಡಿಸಿಕೊಂಡರು.

"ಪರವಾಗಿಲ್ಲ," ಅಂದರು ಕೈ ತೊಳೆಯುತ್ತಾ. "ಬೆಳ್ಳಗಾಗಿದ್ದಿದ್ರೆ ಇನ್ನೂ ಚೆನ್ನಾಗಿರ್ತಿತ್ತು."

ಹಿತ್ತಲ ಬಾಗಿಲು ಹಾಕಲು ಹೋದಾಗ ನೋಡುತ್ತೇನೆ, ಉಳಿದೆರಡು ಗಿಡಗಳಲ್ಲಿ ಒಂದರ ತಲೆಗೆ ಅದೇ ರಿಬ್ಬನ್. ಈ ಸಲ ಶಾಲೆಗೆ ಹೊರಟ ಹುಡುಗಿಯ ಜಡೆಗೆ ಕಟ್ಟಿದ ಹಾಗೆ, ಚೆಂದದ ಗಂಟು ಬೇರೆ. ಬಿಚ್ಚಲು ಮನಸ್ಸಾಗಲಿಲ್ಲ. ಇರಲಿ, ಅದೊಂದು ಅವರದು.

ಕಣ್ಣು ಎಳೆಯುತ್ತಿದೆ. ಆದರೂ ಒಂದೇ ಅಳುಕು. ಅದೇನಾದರೂ ನಿಜವಾಗಿಯೂ ಬೆಳ್ಳಗಾಗಿಬಿಟ್ಟರೆ, ಈ ಮನೆಯಲ್ಲಿ ಇನ್ನು ನನ್ನ ಮಾತು...