ಚಾಪೆ ಹಾಸಿದ ಜಾಗ

ಮೇ 2, 2004. ಭಾನುವಾರ, ಸಂಜೆ

ಕಿಟಕಿ ಕಟ್ಟೆ ಒರೆಸಿದ್ದು ಇವತ್ತಿಗೆ ಎರಡನೇ ಸಲ. ಬಟ್ಟೆ ಮತ್ತೆ ಕೆಂಪು. ಮಹಡಿಯ ಮೇಲೆ ಒಣಹಾಕಿದ ಬಿಳಿ ಸೀರೆಯೂ ಕೆಂಪು. ಅದಿರು ಲಾರಿಗೆ ತಾಡಪತ್ರಿ ಹೊದಿಸಬೇಕೆಂದು ನಿಯಮವಿದೆ. ಹೊದಿಸುತ್ತಾರೆ, ಚೆಕ್‌ಪೋಸ್ಟ್ ದಾಟುವವರೆಗೆ. ಪತ್ರಿಕೆಗೆ ಮತ್ತೊಂದು ಪತ್ರ ಬರೆದೆ. ಹಿಂದಿನದನ್ನು ಅರ್ಧ ಕತ್ತರಿಸಿ ಹಾಕಿದ್ದರು. ಕತ್ತರಿಸಿದ್ದು ಒಳ್ಳೆಯ ಅರ್ಧ.

ಚಹಾ ಹೊತ್ತಿಗೆ ಜಂಬಿ ಬಂದಳು. ಹಿಂದಿನ ಬೀದಿಯಿಂದ ಬರಲು ಛತ್ರಿ, ಕೈಚೀಲ, ನೀರಿನ ಬಾಟಲಿ. ಕಂಪ್ಲಿಯಿಂದ ಅವಳ ಮಗಳು ಸುನಿತಾ ಬಂದಿದ್ದಾಳೆ, ಅಳಿಯ ಮನೋಹರ್, ಮಕ್ಕಳು ಎಲ್ಲರೂ. ರೈಸ್ ಮಿಲ್ಲಿಗೆ ರಜೆ ಅಂತೆ. ನಿನ್ನೆ ಎಲ್ಲರೂ ಸೇರಿ ಹಂಪಿಗೆ ಹೋಗಿದ್ದರು.

"ಏನೇನ್ ನೋಡಿದ್ರಿ?" ಅಂದೆ.

"ಬಿಸಲು ನೋಡಿದ್ವಿ. ಹುಡುಗ್ರು ಒಂದು ಗುಡಿ ಒಳಗೂ ಹೋಗಲಿಲ್ಲ, ಐಸ್‌ಕ್ಯಾಂಡಿ ಗಾಡಿ ಬಿಟ್ಟು ಕದಲಲಿಲ್ಲ. ನಮ್ಮ ಅಳಿಯ ಆನಿ ಕಡಿಂದ ಆಶೀರ್ವಾದ ಮಾಡಿಸ್ಕೊಳ್ಳಾಕ ಹೋಗಿ ಟೋಪಿ ಕಳಕೊಂಡ."

"ಆನಿ ವಾಪಸ್ ಕೊಡಲಿಲ್ಲೇನು?"

"ಕೊಡ್ತು. ಹಾಕ್ಕೊಳ್ಳಂಗ ಇರಲಿಲ್ಲ."

ನಕ್ಕು ಕಣ್ಣೊರೆಸಿಕೊಂಡಳು. ಎದ್ದು ಚಪ್ಪಲಿ ಮೆಟ್ಟುವಾಗ, ಯಾರದೋ ಸುದ್ದಿ ಹೇಳುವವಳಂತೆ, "ಡ್ಯಾಮಿನ ನೀರು ಭಾಳ ಇಳದೈತಂತ ಗಂಗೂ. ನಮ್ಮೂರ ಹನುಮಪ್ಪನ ಕಟ್ಟಿ ಕಾಣ್ತೈತಂತ" ಅಂದಳು.

ಒಂದೇ ಚಪ್ಪಲಿ ಮೆಟ್ಟಿ ನಿಂತಳು. ಆಮೇಲೆ ಕೇಳಿದಳು. "ಹೋಗೋಣೇನು?"

ಮೇ 4, ಮಂಗಳವಾರ

ನಿದ್ದೆ ಸರಿಯಾಗಿಲ್ಲ. ಊರೆಲ್ಲ ತಲೆಯೊಳಗೆ ಓಡಾಡುತ್ತಿದೆ.

ಡ್ಯಾಮಿಗೆ ನೀರು ನಿಲ್ಲಿಸಿದಾಗ ನನಗೂ ಜಂಬಿಗೂ ಹನ್ನೆರಡು ವರ್ಷ. ನಮ್ಮ ಊರು ಪೂರ್ತಿ ಮುಳುಗಿತು. ಕೆಲವರು ಮರಿಯಮ್ಮನಹಳ್ಳಿಗೆ ಹೋದರು, ಕೆಲವರು ನಮ್ಮ ಹಾಗೆ ಹೊಸಪೇಟೆಗೆ. ನೀರು ತಳ ಕಾಣುವ ಬೇಸಿಗೆಯಲ್ಲಿ ಮಾತ್ರ ಊರಿನ ತಳಪಾಯಗಳು ಮೇಲೆ ಬರುತ್ತವೆ. ಆಗ ಬುತ್ತಿ ಕಟ್ಟಿಕೊಂಡು ಹೋಗುವುದು ರೂಢಿ. ಅವರವರು ಅವರವರ ಮನೆಯಲ್ಲೇ ಕೂತು ಉಣ್ಣಬೇಕು. ಗೋಡೆ ಇಲ್ಲವೆಂದು ಎಲ್ಲಿಂದಲೋ ನುಗ್ಗುವಂತಿಲ್ಲ, ಬಾಗಿಲು ಇದ್ದ ಕಡೆಯಿಂದಲೇ ಒಳಗೆ ಬರಬೇಕು. ಉಂಡ ಮೇಲೆ ಮನೆಯಿಂದ ಮನೆಗೆ ಹೋಗಿ, ಹೊಸ್ತಿಲ ಕಲ್ಲಿನ ಹೊರಗೆ ನಿಂತು, "ಊಟ ಆತೇನ್ರೀ" ಎಂದು ಕೇಳಬೇಕು. ಒಳಗಿನವರು "ಬರ್ರಿ, ಕುಂದ್ರಿ" ಅನ್ನಬೇಕು. ಹೊರಗಿನವರಿಗೆ ಹುಚ್ಚರ ಸಂತೆ ಅನ್ನಿಸಬಹುದು. ಅನ್ನಿಸಲಿ.

ಹಿಂದಿನ ಸಲ ಹೋದದ್ದು ಎಂಟು ವರ್ಷದ ಕೆಳಗೆ. ಮುಂದಿನ ಸಲ ನೀರು ಇಷ್ಟು ಇಳಿಯುವ ಹೊತ್ತಿಗೆ ಯಾರು ಇರುತ್ತೇವೆ, ಯಾರು ಇಲ್ಲ...

ಜಂಬಿ ಕೇಳಿದ್ದರ ಅರ್ಥ ನನಗೆ ಗೊತ್ತು. ಅವಳಿಗೆ ಬೇಕಾದದ್ದು ಊರಲ್ಲ, ಜಡೆಪ್ಪ. ಅವಳ ದೊಡ್ಡಪ್ಪನ ಮಗ, ಮರಿಯಮ್ಮನಹಳ್ಳಿಯಲ್ಲಿದ್ದಾನೆ. ಒಂದೇ ಮನೆ ಇಬ್ಬರು ಅಣ್ಣತಮ್ಮಂದಿರಿಗೆ ಪಾಲಾಗಿ ನಡುವೆ ಗೋಡೆ ಎದ್ದಿತ್ತು. ಮುಳುಗಡೆ ಪರಿಹಾರದ ಸಾಹೇಬರು ಬಂದಾಗ, ಗೋಡೆ ಯಾರ ಪಾಲಿನದೆಂದು ಇಬ್ಬರಿಗೂ ಜಗಳ. ಮಾತು ಬಿಟ್ಟರು. ಗೋಡೆ ಮುಳುಗಿತು, ಅಣ್ಣತಮ್ಮಂದಿರು ಸತ್ತರು, ಜಗಳ ಮಕ್ಕಳ ಪಾಲಿಗೆ ಬಂತು. ಐವತ್ತು ವರ್ಷ. ಹೋದಾಗೆಲ್ಲ ಜಂಬಿ ಗೋಡೆಯ ಸಾಲಿನ ಈ ಕಡೆ, ಜಡೆಪ್ಪ ಆ ಕಡೆ, ಬೆನ್ನಿಗೆ ಬೆನ್ನು ಹಾಕಿ ಉಣ್ಣುತ್ತಿದ್ದರು.

ಕಾರ್ತಿಕದಲ್ಲಿ ಜಡೆಪ್ಪನಿಗೆ ಎದೆಯ ಆಪರೇಷನ್ ಆಯಿತು. ಜಂಬಿ ನೋಡಲು ಹೋಗಲಿಲ್ಲ. "ಅವನ ಬಾಗಲಿಗೆ ನಾ ಹೋಗಂಗಿಲ್ಲ" ಅಂದವಳು ಎರಡು ದಿನ ಉಣ್ಣಲಿಲ್ಲ.

ಮೇ 8, ಶನಿವಾರ

ಇವತ್ತು ಸುನಿತಾಳ ಸಂಸಾರ ಸಂಡೂರಿಗೆ ಹೊರಟಿತ್ತು, ನಾರಿಹಳ್ಳದ ಡ್ಯಾಂ ನೋಡಲು. ಮಧ್ಯಾಹ್ನಕ್ಕೇ ವಾಪಸ್. ದಾರಿ ತುಂಬ ಲಾರಿ, ಒಂದರ ಬಾಲಕ್ಕೆ ಒಂದು. ಡ್ರೈವರುಗಳು ರಸ್ತೆಯ ಮೇಲೇ ಅಡುಗೆ ಮಾಡುತ್ತಿದ್ದರಂತೆ. ಮಕ್ಕಳು ಸುಮೋದಲ್ಲೇ ಕೂತು ಚಿತ್ರಾನ್ನ ತಿಂದು ಬಂದವು.

"ಪಿಕ್‌ನಿಕ್ ಮಸ್ತ್ ಆತು ಅಜ್ಜಿ. ಲಾರಿ ಎಣಿಸಿದ್ವಿ" ಅಂತ ಸಣ್ಣವಳು.

ನನ್ನ ಮೈ ಉರಿಯಿತು. ಸಂಡೂರು ಎಂದರೆ ಹಸಿರು ಬೆಟ್ಟ, ತಣ್ಣನೆ ಗಾಳಿ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡುವಾಗ ನಾವು ಆಪರೇಟರುಗಳೆಲ್ಲ ಬಸ್ಸಿನಲ್ಲಿ ಹೋಗಿ ಮಧ್ಯಾಹ್ನ ಸ್ವೆಟರ್ ಹಾಕಿಕೊಂಡು ಕೂತಿದ್ದೆವು. ಈ ಮಾತು ಈಗಿನ ಮಕ್ಕಳಿಗೆ ಹೇಳಿದರೆ ಕಥೆ ಅನ್ನುತ್ತಾರೆ.

ಭಯವೂ ಆಯಿತು. ಮರಿಯಮ್ಮನಹಳ್ಳಿ ರಸ್ತೆಯದೂ ಇದೇ ಗತಿ. ಹದಿನಾರಕ್ಕೆ ಹೋಗುವುದೆಂದು ಜಂಬಿ ನಿಶ್ಚಯಿಸಿದ್ದಾಳೆ. ಅಷ್ಟರಲ್ಲಿ ಮಳೆ ಬಂದು ನೀರು ಏರಿದರೆ?

ಮೇ 11, ಮಂಗಳವಾರ

ಕಾಯಿಪಲ್ಲೆ ಮಾರ್ಕೆಟ್ಟಿನಲ್ಲಿ ಗಾಳೆಮ್ಮ ಸಿಕ್ಕಳು, ಜಡೆಪ್ಪನ ಹೆಂಡತಿ. ಗಂಡನ ಮಾತ್ರೆ ಕೊಳ್ಳಲು ಬಂದಿದ್ದಳಂತೆ.

"ಹದಿನಾರಕ್ಕ ಬರ್ತೀರಂತ?" ತಾನೇ ಕೇಳಿದಳು.

"ಜಡೆಪ್ಪಣ್ಣ ಬರ್ತಾನೇನು?"

"ಬ್ಯಾಡಂದ್ರ ಬಿಡ್ತಾನೇನ್ರಿ? ಬಿಸಲಾಗ ಅಡ್ಡಾಡಬ್ಯಾಡ ಅಂತ ಡಾಕ್ಟರ್ ಹೇಳ್ಯಾರ. 'ನಮ್ಮ ಮನಿಗೆ ನಾ ಹೋಗಾಕ ಡಾಕ್ಟರ್ ಯಾವನು' ಅಂತಾನ. ಆಮೇಲೆ ಗ್ವಾಡಿ ಕಡೆ ತಿರುಗಿ ಮಕ್ಕೊಂಡು, 'ಜಂಬಿ ಬರ್ತಾಳಂತೇನು' ಅಂತಾನ."

"ಅಲ್ಲಿ ಮಾತಾಡಿಸ್ತಾನೇನು?"

ಟೊಮೆಟೊ ಆರಿಸುವುದನ್ನು ಬಿಟ್ಟು ನನ್ನ ಮುಖ ನೋಡಿದಳು. "ಗಂಗಕ್ಕ, ಗ್ವಾಡಿ ನೀರಾಗ ಕರಗಿ ಹೋತು. ಇವರ ಸಿಟ್ಟಿಗೆ ಒಂದು ಹನಿ ನೀರು ತಾಕಿಲ್ಲ. ಆಕಿ ಮಾತಾಡಿಸಿದ್ರ ಮಾತಾಡಿಸ್ತಾನಂತ. ಮೊದಲು ಆಕಿನೇ ಮಾತಾಡಿಸಬೇಕಂತ."

ಜಂಬಿಯೂ ಇದನ್ನೇ ಅನ್ನುತ್ತಾಳೆ, ಅಕ್ಷರಕ್ಕೆ ಅಕ್ಷರ.

ಮೇ 17, ಸೋಮವಾರ, ಬೆಳಿಗ್ಗೆ

ನಿನ್ನೆ ಬರೆಯಲು ಕೂರಲಾಗಲಿಲ್ಲ. ಸೊಂಟ ಹಿಡಿದಿದೆ. ಮನಸ್ಸು ಮಾತ್ರ ಎಷ್ಟು ಹಗುರ...

ಬೆಳಗಾಗುವ ಮೊದಲೇ ಹೊರಟೆವು. ಸುನಿತಾಳ ಸುಮೋ. ಲಾರಿಗಳು ಇನ್ನೂ ಮಲಗಿದ್ದವು. ಅಷ್ಟರ ಮಟ್ಟಿಗೆ ದೇವರು ದೊಡ್ಡವನು. ಮರಿಯಮ್ಮನಹಳ್ಳಿ ದಾಟಿ ಹೊಳೆಯ ಕಡೆ ಇಳಿಯುವ ಬಂಡಿ ದಾರಿ ಇದೆಯಲ್ಲ, ಅಲ್ಲಿಗೆ ಬಂದರೆ ದಾರಿಯೇ ಇಲ್ಲ. ತಂತಿಬೇಲಿ. ಒಳಗೆ ಗುಡ್ಡ ಗುಡ್ಡ ಅದಿರು. ಯಾರದೋ ಸ್ಟಾಕ್‌ಯಾರ್ಡ್. ಗೇಟಿನಲ್ಲಿ ವಾಚ್‌ಮನ್.

"ಎಲ್ಲಿಗೆ?" ಅಂದ.

"ಮನಿಗೆ" ಅಂದಳು ಜಂಬಿ.

"ಈ ಕಡೆ ಯಾವ ಮನಿ ಅದಾವ?"

"ನೀರಾಗಿನ ಮನಿ. ಗೇಟ್ ತಗಿ."

"ಸಾಹೇಬ್ರು ಬೈತಾರಬೇ."

ನಾನು ಇಳಿದೆ. ಇದು ನಕ್ಷೆಯಲ್ಲಿರುವ ಬಂಡಿ ದಾರಿ, ಮುಚ್ಚಲು ನಿನ್ನ ಸಾಹೇಬರಿಗೆ ಯಾರು ಕಾಗದ ಕೊಟ್ಟರು, ತೋರಿಸು ಎಂದೆ. ಅವನು ನನ್ನ ಬಿಳಿ ಕೂದಲು ನೋಡಿದನೋ, ಜಂಬಿಯ ತಲೆಯ ಮೇಲಿನ ಬುತ್ತಿ ಗಂಟು ನೋಡಿದನೋ. ಗೇಟು ತೆಗೆದ. "ಜಲ್ದಿ ಬರ್ರಿ" ಅಂದ, ಪಾಪ.

ಸುಮೋ ದಂಡೆಯಲ್ಲೇ ಬಿಟ್ಟು ನಡೆದೆವು. ಕೆಸರು ಒಣಗಿ ಬಿರುಕು ಬಿಟ್ಟು ಹಪ್ಪಳದಂತೆ ಎದ್ದಿತ್ತು. ಕಾಲಿಗೆ ಕಪ್ಪೆಚಿಪ್ಪು. ಹನುಮಪ್ಪನ ಕಟ್ಟೆ ಸಿಕ್ಕಿತು. ಅಲ್ಲಿಂದ ನಮ್ಮ ಓಣಿ... ಓಣಿ ಇರಲಿಲ್ಲ.

ತಳಪಾಯದ ಕಲ್ಲು ಒಂದೂ ಇಲ್ಲ. ಹೊಸ್ತಿಲ ಕಲ್ಲು, ಮೆಟ್ಟಿಲು, ಏನೂ. ಕೆಸರಿನ ಮೇಲೆ ಟ್ರ್ಯಾಕ್ಟರ್ ಚಕ್ರದ ಗುರುತು, ನೇರ ಆ ಸ್ಟಾಕ್‌ಯಾರ್ಡಿನ ಕಡೆಗೆ. ಗೇಟಿನ ಎರಡೂ ಬದಿ ಕಟ್ಟುತ್ತಿದ್ದ ಹೊಸ ಕಲ್ಲಿನ ಕಾಂಪೌಂಡು ನೆನಪಾಯಿತು. ಹಂಪಿಯಲ್ಲಿ ಒಂದು ಚೂರು ಕಲ್ಲು ಮುಟ್ಟಿದರೆ ಸೀಟಿ ಊದುತ್ತಾರೆ. ರಾಜರ ಕಲ್ಲಿಗೆ ಕಾವಲುಗಾರ, ನಮ್ಮ ಕಲ್ಲಿಗೆ ಟ್ರ್ಯಾಕ್ಟರ್. ಮೊದಲು ಊರು ತೆಗೆದುಕೊಂಡರು, ಸರಿ, ನಾಡಿಗೆ ನೀರು ಬೇಕಿತ್ತು ಎಂದು ಸಮಾಧಾನ ಮಾಡಿಕೊಂಡೆವು. ಇವರಿಗೆ ಏನು ಬೇಕಿತ್ತು? ಗೋಡೆ ಕಟ್ಟಲು ಗೋಡೆ.

ತಲೆ ಎತ್ತಿದೆ. ಆಗ ನೋಡಿದೆ. ಜಡೆಪ್ಪ ಆಗಲೇ ಬಂದು ನಿಂತಿದ್ದಾನೆ, ಕೋಲು ಊರಿಕೊಂಡು. ಗಾಳೆಮ್ಮ ಛತ್ರಿ ಹಿಡಿದಿದ್ದಳು. ಅರ್ಧ ಇಳಿದುಹೋಗಿದ್ದಾನೆ ಮನುಷ್ಯ. ಅಂಗಿ ಮೊಳೆಗೆ ನೇತುಹಾಕಿದಂತಿತ್ತು.

ಅವನು ಕೂರುತ್ತಿಲ್ಲ. ಜಂಬಿಯೂ ಕೂರುತ್ತಿಲ್ಲ. ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಗೊತ್ತಾಯಿತು. ಗೋಡೆಯ ಸಾಲು ಇಲ್ಲ. ಎಲ್ಲಿ ಕೂತರೆ ಯಾರ ಮನೆ? ಗೊತ್ತಿಲ್ಲದೆ ಅವರ ಕಡೆ ಕಾಲಿಟ್ಟುಬಿಟ್ಟರೆ? ಇಬ್ಬರೂ ಬಿಸಿಲಲ್ಲಿ ಕಂಬದಂತೆ. ಬಿಸಿಲು ಏರುತ್ತಿತ್ತು. ಜಡೆಪ್ಪನ ಕುತ್ತಿಗೆಯ ನರ ಹೊಡೆದುಕೊಳ್ಳುವುದು ನನಗೇ ಕಾಣುತ್ತಿತ್ತು.

"ಕುಂದ್ರು ಅಂದ್ರ ಕುಂದ್ರವಲ್ಲ" ಗಾಳೆಮ್ಮ ಅಳುವ ದನಿಯಲ್ಲಿ ಅಂದಳು. "ಎದಿ ಹೊಲಿಗಿ ಬಿಚ್ಚಿದ್ರ ಇಲ್ಲಿ ಹೊಲಿಯೋರು ಯಾರು?"

ಜಂಬಿ ಅವನ ಕಡೆ ನೋಡಿದಳು, ಮೊದಲ ಸಲ ನೇರವಾಗಿ. ಮಾತು ಮಾತ್ರ ನನ್ನ ಜೊತೆ. "ಗಂಗೂ, ನಿನಗ ಎಲ್ಲಾ ನೆನಪಿರತೈತಿ. ನೀ ಹೇಳು. ಗ್ವಾಡಿ ಎಲ್ಲಿತ್ತು?"

ನನಗೆ ನೆನಪಿತ್ತು. ಎಕ್ಸ್‌ಚೇಂಜಿನ ಹಳೇ ಮೂರಂಕಿ ನಂಬರುಗಳೇ ಇನ್ನೂ ಬಾಯಲ್ಲಿವೆ, ಇದು ಮರೆಯುತ್ತದೆಯೇ. ಅಲ್ಲದೆ ನನ್ನ ಕಾಲಿನ ಬಳಿಯೇ ಕೆಸರು ಸರಿದು ಒಂದು ದುಂಡನೆಯ ಕುಳಿ ಕಾಣುತ್ತಿತ್ತು. ಒರಳು. ನೆಲದ ಹಾಸುಬಂಡೆಯಲ್ಲೇ ಕೊರೆದದ್ದು, ಟ್ರ್ಯಾಕ್ಟರಿಗೆ ಎತ್ತಲಾಗದ್ದು. ಗೋಡೆ ಅದರ ಅಂಚಿಗೇ ಇತ್ತು. ಅಲ್ಲಿಂದ ಹನುಮಪ್ಪನ ಕಟ್ಟೆಯ ಮೂಲೆಗೆ ಕಣ್ಣಲ್ಲೇ ಗೆರೆ ಎಳೆದರೆ ಸಾಕು, ಐವತ್ತು ವರ್ಷದ ಗೋಡೆ ಎದ್ದು ನಿಲ್ಲುತ್ತದೆ.

ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು.

ಚಾಪೆ ಬಿಚ್ಚಿದೆ. ಒರಳಿನ ಮೇಲೆ ಹಾಸಿದೆ. ಕೂತೆ. "ನೆನಪಿಲ್ಲ" ಅಂದೆ.

"ಏನು?" ಅಂದಳು ಜಂಬಿ.

"ವಯಸ್ಸಾತು ಜಂಬಿ. ನೆನಪಿಲ್ಲ."

ಗಾಳೆಮ್ಮ ಛತ್ರಿ ಮಡಚಿದಳು. "ಗಂಗಕ್ಕಗ ನೆನಪಿಲ್ಲಂದ್ರ ಮುಗೀತು, ಇನ್ ಯಾರಿಗೂ ಇಲ್ಲ. ಕುಂದ್ರಿ ಎಲ್ಲಾರೂ."

ಕೂತರು. ಮನೋಹರ್ ಸುಮೋದಿಂದ ತಾಡಪತ್ರಿ ತಂದು ನಾಲ್ಕು ಕೋಲಿಗೆ ಕಟ್ಟಿ ನೆರಳು ಮಾಡಿದ. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರನ್ನ. ಗಾಳೆಮ್ಮನ ಡಬ್ಬಿಯಲ್ಲಿ ಒಗ್ಗಾಣಿ, ಮಿರ್ಚಿ. ಬಹಳ ಹೊತ್ತು ಅಗಿಯುವ ಸದ್ದು ಮಾತ್ರ. ಆಮೇಲೆ ಜಡೆಪ್ಪ ಚಟ್ನಿಯ ಕಡೆ ಕೈ ಚಾಚಿದ.

"ಖಾರ ಬ್ಯಾಡ ಅಂದಿಲ್ಲೇನು ಡಾಕ್ಟರ್?" ಅಂದಳು ಜಂಬಿ. ತಟ್ಟೆ ನೋಡಿಕೊಂಡೇ ಅಂದಳು.

ಅವನ ಕೈ ಚಟ್ನಿಯ ಮೇಲೇ ನಿಂತಿತು.

"ಅಂದಾರ" ಅಂದ ಜಡೆಪ್ಪ.

"ಹಂಗಾರ ಮೊಸರು ಕಲಸ್ಕೋ. ಸಣ್ಣಾಂವ ಇದ್ದಾಗೂ ಹಿಂಗ ತಿಂದು ಹೊಟ್ಟಿ ಹಿಡ್ಕೊಂಡು ಉಳ್ಳಾಡ್ತಿದ್ದಿ."

"ನೀ ಕದ್ದು ಕೊಡ್ತಿದ್ದಿ, ಅದಕ್ಕ ತಿಂತಿದ್ದೆ."

ಅಷ್ಟೇ. ಐವತ್ತು ವರ್ಷಕ್ಕೆ ಅಷ್ಟೇ ಸಾಕಾಯಿತು. ಆಮೇಲೆ ಇಬ್ಬರನ್ನೂ ನಿಲ್ಲಿಸಲು ಆಗಲಿಲ್ಲ. ಆನೆಯ ಟೋಪಿ ಕಥೆ ಎರಡು ಸಲ ಆಯಿತು. ಆಪರೇಷನ್ ಕಥೆ, ಸಂಡೂರಿನ ಪಿಕ್‌ನಿಕ್ ಕಥೆ. ನಾನು ಮಾತ್ರ ಏಳಲಿಲ್ಲ. ಬಿಸಿಲು ಇಳಿಯುವವರೆಗೂ ಕುಳಿಯ ಮೇಲೆ ಕೂತೇ ಇದ್ದೆ. ಚಾಪೆ ತೆಗೆದದ್ದು ಎಲ್ಲರೂ ದಂಡೆ ಹತ್ತಿದ ಮೇಲೆ. ಕುಳಿಗೆ ಕಾಲಲ್ಲೇ ಒಂದಿಷ್ಟು ಕೆಸರು ತುಂಬಿ ಬಂದೆ.

ಮೇ 20, ಗುರುವಾರ

ಸೊಂಟಕ್ಕೆ ಎಣ್ಣೆ. ಜಂಬಿ ಮರಿಯಮ್ಮನಹಳ್ಳಿಗೆ ಹೋದಳು, ಜಡೆಪ್ಪನ ಮನೆಗೆ. ನಾಲ್ಕು ದಿನ ಇರುತ್ತಾಳಂತೆ. ಸೀರೆ ನಾಲ್ಕು ತೋರಿಸಿ, "ಯಾವುದು ಉಟ್ಕೊಳ್ಳಲಿ" ಎಂದು ಕೇಳಿದಳು. ಮದುವೆಗೆ ಹೊರಟವಳಂತೆ.

ರಾತ್ರಿ ಒಳ್ಳೆಯ ನಿದ್ದೆ, ಬಹಳ ದಿನಕ್ಕೆ.

ಮೇ 25, ಮಂಗಳವಾರ, ಮಧ್ಯಾಹ್ನ

ಮೋಡ ಕಟ್ಟಿದೆ. ಘಟ್ಟದ ಕಡೆ ಮಳೆ ಶುರುವಾಯಿತೆಂದು ರೇಡಿಯೊ. ಇನ್ನು ಸ್ವಲ್ಪ ದಿನಕ್ಕೆ ಒರಳೂ ಒಳಗೆ.

ಜಿಲ್ಲಾಧಿಕಾರಿಗೆ ಅರ್ಜಿ ಬರೆಯುತ್ತಿದ್ದೇನೆ. ಇದನ್ನು ಬಿಡುವವಳಲ್ಲ. ಬಂಡಿ ದಾರಿ ತೆರವು ಮಾಡಿಸಬೇಕು, ಕಲ್ಲು ಸಾಗಿಸಿದವರ ಮೇಲೆ ಕ್ರಮವಾಗಬೇಕು. ಯಾವ ಯಾವ ಮನೆಯ ಕಲ್ಲು ಹೋಯಿತೆಂದು ಸಾಲಾಗಿ ಹೆಸರು ಹಾಕುತ್ತಾ ಬಂದೆ. ಕರೆಮ್ಮನ ಮನೆ, ಮೂಕಣ್ಣನ ಮನೆ, ನಮ್ಮದು. ಆಮೇಲೆ ಜಂಬಿ, ಜಡೆಪ್ಪ, ಎರಡು ಮನೆ. ಅಷ್ಟರಲ್ಲಿ ಫೋನ್ ಬಂತು.

"ಹಲೋ, ಎಕ್ಸ್‌ಚೇಂಜೇನ್ರಿ?"

ಜಡೆಪ್ಪ. ಜೀವಮಾನದಲ್ಲಿ ಮೊದಲ ಸಲ ನನಗೆ ಫೋನ್ ಮಾಡಿದ್ದಾನೆ.

"ಜಂಬಿ ಇನ್ನೂ ನಾಲ್ಕು ದಿನ ಇರ್ತಾಳ. ಹೇಳು ಅಂದ್ಳು. ಅರ್ಜಿ ಬರೀತೀಯಂತ?"

"ಬರೀತೀನಿ. ಬಿಡಂಗಿಲ್ಲ."

"ಬಿಡಬ್ಯಾಡ. ನಮ್ದು ಒಂದ ಮನಿ ಅಂತ ಬರಿ." ಕೆಮ್ಮಿದ. "ಮತ್ತ, ಸೊಂಟ ಹೆಂಗೈತಿ ಗಂಗವ್ವ?"

"ನನ್ನ ಸೊಂಟಕ್ಕೇನಾಗೇತಿ?"

"ಒರಳಿನ ಮ್ಯಾಲ ಅಷ್ಟೊತ್ತು ಕುಂತ್ರ ಹಿಡಿಯಂಗಿಲ್ಲೇನು?"

ಹಿಂದಿನಿಂದ ನಗು ಕೇಳಿಸಿತು. ಜಂಬಿಯ ನಗು, ಸಂಶಯವೇ ಇಲ್ಲ. ಅಂದರೆ ಇಬ್ಬರಿಗೂ ಆಗಲೇ ಗೊತ್ತಿತ್ತು.

ಅರ್ಜಿಗೆ ಮತ್ತೆ ಕೂತೆ. 'ಎರಡು' ಎಂಬುದನ್ನು ಹೊಡೆದುಹಾಕಿ, ಅದರ ಮೇಲೆ 'ಒಂದು' ಎಂದು ಬರೆದೆ.