ನೀನು ಕೂರುತ್ತಿದ್ದ ಮಗ್ಗುಲು

ನಮ್ಮ ಸುಮನ ಅಮ್ಮನಿಗೆ,

ಗಿರಿಜಾ, ಹೋದ ಭಾನುವಾರ ನಿನ್ನ ಗಾಡಿಯನ್ನು ಮಾರಲು ಹೊರಟಿದ್ದೆ. ನಿನ್ನ ಗಾಡಿ ಎಂದು ಯಾಕೆ ಬರೆದೆನೋ. ಕಾಗದಪತ್ರ ಇರುವುದು ನನ್ನ ಹೆಸರಲ್ಲಿ, ಇಷ್ಟು ವರ್ಷ ಓಡಿಸಿದವನೂ ನಾನೇ. ಆದರೂ ಬುಲೆಟ್ ಅಂದ ಕೂಡಲೇ ನನ್ನ ಕಣ್ಣಿಗೆ ಬರುವುದು ಅದರ ಹಿಂದಿನ ಸೀಟು. ಮದುವೆಯಾದ ಹೊಸದರಲ್ಲಿ ನೀನು ಮೊದಲ ಸಲ ಅದರ ಮೇಲೆ ಕೂತು, ಕಣ್ಣು ಮುಚ್ಚಿಕೊಂಡು, ಸ್ವಲ್ಪ ಹೊತ್ತಿಗೆ "ಬಂತೇನ್ರೀ?" ಎಂದು ಕೇಳಿದೆಯಲ್ಲ. ಹನುಮಂತನಗರದ ನಮ್ಮ ಬೀದಿಯನ್ನೇ ನಾವಿನ್ನೂ ದಾಟಿರಲಿಲ್ಲ.

ನೀನು ಹೋದ ಮೇಲೆ ನನ್ನ ಮಂಡಿ ಕೈಕೊಟ್ಟಿತು. ಆಪರೇಷನ್ನೂ ಆಯಿತು. ನಡೆಯಬಹುದು, ಮೆಟ್ಟಿಲು ಹತ್ತಬಹುದು, ಆದರೆ ಕಾಲೆತ್ತಿ ಗಾಡಿಯ ಆ ಕಡೆಗೆ ಹಾಕುವುದು ಮಾತ್ರ... ಡಾಕ್ಟರು ಮಾತು ಮುಗಿಸದೆ ತಲೆ ಅಲ್ಲಾಡಿಸಿದರು. ಬುಲೆಟ್ ಮೆಟ್ಟಿಲ ಕೆಳಗೆ ನಿಂತೇ ಉಳಿಯಿತು. ಕಾಯಿ ಅಂಗಡಿ ಮುಚ್ಚಿ ಮನೆಗೆ ಬಂದಾಗಲೆಲ್ಲ ಅದನ್ನೊಮ್ಮೆ ನೋಡುವುದು, ನೋಡಿ ಒಳಗೆ ಬರುವುದು. ಎಷ್ಟು ದಿನ ಹಾಗೆ? ಜೆ.ಪಿ. ನಗರದ ಕಲ್ಯಾಣ ಮಂಟಪದ ಅಂಗಳದಲ್ಲಿ ಹಳೇ ಮೋಟಾರ್ ಸೈಕಲ್‌ಗಳನ್ನು ಮಾರುತ್ತಾರೆಂದು ಯಾರೋ ಅಂದರು. ಕೊಟ್ಟುಬಿಡೋಣ ಎಂದು ಸುಮನಿಗೆ ಹೇಳಿದೆ. ಅವಳು ಗಾಡಿ ರಿಪೇರಿ ಮಾಡಿಸಿ, ತಾನೇ ಓಡಿಸಿಕೊಂಡು ಹೊರಟಳು. ನಾನು ಹಿಂದೆ ಆಟೋದಲ್ಲಿ, ಯಾರನ್ನೋ ಬಿಟ್ಟು ಬರಲು ಹೋಗುವವನ ಹಾಗೆ ಕೂತಿದ್ದೆ.

ಸಂತೆ ಎಂದರೆ ಊಟ ಬಿಟ್ಟು ಬರುತ್ತಿದ್ದವಳು ನೀನು, ಅದನ್ನು ನೋಡಬೇಕಿತ್ತು. ಸಾಲಾಗಿ ನಿಲ್ಲಿಸಿದ ಹಳೇ ಗಾಡಿಗಳು. ದನ ಕೊಳ್ಳುವವರು ಬಾಯಿ ಬಿಡಿಸಿ ಹಲ್ಲು ನೋಡುವಂತೆ, ಬಗ್ಗಿ ಬಗ್ಗಿ ಇಂಜಿನ್ ನಂಬರ್ ನೋಡುವ ಜನ. ಟಾರ್ಪಾಲಿನ ಮೇಲೆ ಹೆಡ್‌ಲೈಟು, ಸೈಲೆನ್ಸರು, ಹಾರನ್ನು, ಏನೆಂದು ಗುರುತೇ ಸಿಗದ ತುಂಡುಗಳು. ನಮ್ಮ ಗಾಡಿಯ ಸುತ್ತ ಒಬ್ಬ ಗಡ್ಡದ ಹುಡುಗ ಮೂರು ಸುತ್ತು ಬಂದ. ಟ್ಯಾಂಕನ್ನು ಮಗುವಿನ ಬೆನ್ನು ಸವರಿದಂತೆ ಸವರಿದ.

"ಸಖತ್ತಾಗಿ ಇಟ್ಕೊಂಡಿದೀರ ಅಂಕಲ್. ನಾನೇ ತಗೋತೀನಿ. ಆ ಹಿಂದಿನ ಸೀಟ್ ಕಿತ್ತಾಕಿ ಸಿಂಗಲ್ ಸೀಟ್ ಮಾಡಿದ್ರೆ ಲುಕ್ಕೇ ಬೇರೆ."

ಒಳ್ಳೆಯ ಹುಡುಗನೇ ಗಿರಿಜಾ, ಬೇಕೆಂದು ಅಂದ ಮಾತಲ್ಲ. ನಾನು ಕೀ ಕೊಡಲು ಚಾಚಿದ್ದ ಕೈ ಮಾತ್ರ ಅಲ್ಲೇ ನಿಂತಿತು. ನೀನಿದ್ದಿದ್ದರೆ ಏನು ಹೇಳುತ್ತಿದ್ದೆ?

ಸುಮ ಆ ಕೀಯನ್ನು ತಾನೇ ಇಸಿದುಕೊಂಡಳು. "ಸಾರಿ, ಗಾಡಿ ಕೊಡಲ್ಲ."

"ನಿಮ್ಮಪ್ಪ ಒಪ್ಪಿದ್ರಲ್ಲ ಮೇಡಂ?"

"ನಮ್ಮಪ್ಪ ಯಾರು ಏನಂದ್ರೂ ಒಪ್ತಾರೆ."

ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದಳು. "ನಿಂಗೆ ಮಾರಕ್ಕೆ ಮನಸ್ಸಿದ್ಯೇನಪ್ಪ?"

"ಮನಸ್ಸಿನ ಮಾತಲ್ಲ ಕಣಮ್ಮ, ಮಂಡಿ ಮಾತು. ಕಾಲು ಎತ್ತಕ್ಕಾಗಲ್ಲ."

"ಯಾಕೆ ಎತ್ಬೇಕು? ನಾನು ಓಡಿಸ್ತೀನಿ. ನೀನು ಅಮ್ಮನ ಥರ ಒಂದ್ ಕಡೆ ಕಾಲ್ ಇಳಿಬಿಟ್ಕೊಂಡು ಕೂತ್ಕೊ."

"ಜನ ನಗ್ತಾರೆ."

"ನಗ್ಲಿ. ನಿನ್ನ ಗಂಟೇನ್ ಹೋಗತ್ತೆ?"

ನಿನ್ನ ಸೆರಗು ಚಕ್ರಕ್ಕೆ ಸಿಕ್ಕದಿರಲೆಂದು ಹಾಕಿಸಿದ್ದ ಜಾಲರಿ ನೆನಪಿದೆಯೇ? ಅದೂ, ನೀನು ಕಾಲಿಡುತ್ತಿದ್ದ ಪಟ್ಟಿಯೂ ಗಾಡಿ ನಿಂತಲ್ಲೇ ತುಕ್ಕು ತಿಂದು ಕಳಚಿ ಬಿದ್ದಿದ್ದವು. ಮಾರಲು ಹೋದವರು ಕೊಳ್ಳಲು ಹುಡುಕತೊಡಗಿದೆವು. ಟಾರ್ಪಾಲಿನ ಹಿಂದೆ ಕೂತಿದ್ದ ಒಬ್ಬ ನಕ್ಕ. "ಸೀರೆ ಗಾರ್ಡಾ? ಎಲ್ರೂ ಬಿಚ್ಚಿ ಬಿಸಾಕ್ತಾರೆ ಸಾರ್. ಕೇಳ್ಕೊಂಡ್ ಬಂದೋರು ನೀವೊಬ್ರೇ." ಚೀಲದಿಂದ ಜಾಲರಿಯನ್ನೂ ಪಟ್ಟಿಯನ್ನೂ ತೆಗೆದು, ಸುಮನ ಜೀನ್ಸ್ ನೋಡಿ ಕೇಳಿದ: "ಯಾರಿಗೆ ಮೇಡಂ, ಅತ್ತೆಗಾ?"

"ನಮ್ಮಪ್ಪಂಗೆ."

ಅವನು ನನ್ನ ಪಂಚೆಯನ್ನು ಗಂಭೀರವಾಗಿ ನೋಡಿದ. "ಕರೆಕ್ಟೇ. ಪಂಚೆ ಚಕ್ರಕ್ಕೆ ಸಿಕ್ರೆ ಮರ್ಯಾದೆ ಪ್ರಶ್ನೆ." ಅಲ್ಲೇ ಸ್ಪ್ಯಾನರ್ ತಂದು ಎರಡನ್ನೂ ಕೂರಿಸಿಕೊಟ್ಟ.

ಪ್ರತಿ ಭಾನುವಾರ ಸಾರಕ್ಕಿ ಮಾರ್ಕೆಟ್ಟಿನಿಂದ ತರಕಾರಿ ತರುವಾಗ ನಾವು ಬರುತ್ತಿದ್ದ ದಾರಿಯಲ್ಲೇ ವಾಪಸು ಬಂದೆವು. ಮುಂದೆ ಕೂತು ನಾನು ನಮ್ಮೂರ ಕಥೆ ಹೇಳುವುದು, ಹಿಂದಿನಿಂದ ನೀನು ಹೂಂ ಅನ್ನುವುದು. ಸಿಗ್ನಲ್ಲಿನಲ್ಲಿ ನಿಂತಾಗ ನಿನ್ನ ಹೂಂ ಜಾಸ್ತಿಯಾಗುತ್ತಿತ್ತು. ಕಥೆ ರುಚಿ ಹತ್ತಿದೆ ಎಂದು ನಾನು ಇನ್ನಷ್ಟು ಎಳೆಯುತ್ತಿದ್ದೆ. ಆ ದಿನ ಅದೇ ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿತ್ತು. ನಿನ್ನ ಜಾಗದಲ್ಲಿ ಕೂತರೆ ಮುಖ ಫುಟ್‌ಪಾತಿನ ಕಡೆಗೇ ಇರುತ್ತದೆ. ಎದುರಿಗೇ ಹೂ ಕಟ್ಟುತ್ತಾ ಒಬ್ಬ ಹೆಂಗಸು. ಗಾಡಿ ನೋಡಿದವಳೇ ಎದ್ದು ಬಂದಳು.

"ಅಣ್ಣಾ, ಅಕ್ಕ ಎಲ್ಲಿ? ಕಾಣ್ಸೋದೇ ಇಲ್ವಲ್ಲ."

"ಯಾರಮ್ಮ ಅಕ್ಕ?"

"ಈಗ ನೀವ್ ಕೂತಿದೀರಲ್ಲ, ಅಲ್ಲಿ ಕೂತ್ಕೊಂಡ್ ಬರೋರು. ದೀಪ ಬಿದ್ದಾಗ್ಲೆಲ್ಲ ನನ್ ಹತ್ರ ಮಾತಾಡೋರು. ನೀವು ಮುಂದೆ ನೋಡ್ಕೊಂಡು ನಿಮ್ ಪಾಡಿಗೆ ಏನೋ ಹೇಳ್ತಿದ್ರಿ. ಅಕ್ಕ ನಿಮಗೂ ಹೂಂ ಅನ್ನೋರು, ನನಗೂ ಹೂಂ ಅನ್ನೋರು."

ಇಷ್ಟು ವರ್ಷ, ಗಿರಿಜಾ? ನಿನಗೊಬ್ಬಳು ಗೆಳತಿಯಿದ್ದಳು, ನನ್ನ ಬೆನ್ನ ಹಿಂದೆಯೇ. ನಾನು ಒಂದು ಸಲವಾದರೂ ತಿರುಗಿದ್ದಿದ್ದರೆ... ಇರಲಿ. ನಿಮ್ಮಿಬ್ಬರ ಮಾತಿಗೆ ಅಡ್ಡಿಯಾಗುತ್ತಿತ್ತು.

"ನನ್ ಮಗಳಿಗೆ ಇನ್ನೂ ಮಕ್ಕಳಾಗ್ಲಿಲ್ಲ ಅಂತ ನನಗಿಂತ ಅವರಿಗೇ ಸಂಕಟ" ಎಂದಳು ಅವಳು. "ಪ್ರತಿ ವಾರ ಕೇಳೋರು. ಈಗ ಆಗಿದೆ ಅಂತ ಹೇಳಿ ಅಣ್ಣಾ. ಮರೀಬೇಡಿ."

ಅಷ್ಟರಲ್ಲಿ ಹಸಿರು ಬಿತ್ತು. ಹಿಂದಿನವರೆಲ್ಲ ಹಾರನ್ ಹೊಡೆಯತೊಡಗಿದರು. ಆ ಗದ್ದಲದಲ್ಲೇ ಅವಳು ಮಿಕ್ಕ ವಿವರವನ್ನೂ ಕೂಗಿ ಹೇಳಿ, ನನ್ನ ಮುಖವನ್ನೇ ನೋಡುತ್ತಿದ್ದಳು. ಗಾಡಿ ಮುಂದಕ್ಕೆ ಹೋಗುವಾಗ ನನ್ನ ಬಾಯಿಂದ ಬಂದದ್ದು ಇಷ್ಟೇ: "ಹೇಳ್ತೀನಮ್ಮ." ಮನೆ ಬರುವ ತನಕ ನಾನು ಸುಮನ ಭುಜ ಹಿಡಿದುಕೊಂಡು ಕೂತಿದ್ದೆ.

ಈ ಭಾನುವಾರ ಗಾಡಿ ನಿಲ್ಲಿಸಿ, ಇಳಿದು, ಆ ಹೂವಿನವಳ ಪಕ್ಕದಲ್ಲಿ ಕೂತು ನಿನ್ನ ವಿಷಯ ಹೇಳಬೇಕು. ಹೇಗೆ ಶುರು ಮಾಡಬೇಕೋ ತಿಳಿಯುತ್ತಿಲ್ಲ. ಅದಕ್ಕೆ ಮೊದಲು ಅವಳಿಗೆ ಕೊಟ್ಟ ಮಾತು ನಡೆಸುತ್ತಿದ್ದೇನೆ.

ಹೆಣ್ಣು ಮಗುವಂತೆ, ಗಿರಿಜಾ. ಬಾಣಂತಿ, ಮಗು ಇಬ್ಬರೂ ಚೆನ್ನಾಗಿದ್ದಾರಂತೆ.