ಪರದೆಯ ಹಿಂದಿನಿಂದ ಕೇಳಿದ ಪ್ರಶ್ನೆಗೆ ಉತ್ತರ ಕೋರಿ

ಚಂದ್ರನನ್ನು ವ್ಯಾನಿನಲ್ಲಿ ಹೇರಿಕೊಂಡು ಜಿಲ್ಲೆಯೆಲ್ಲ ಸುತ್ತಿದ ಮಾನ್ಯ ಅಧಿಕಾರಿಗಳೇ,

ಕಳೆದ ವಾರ ಹಾಸನದ ಸಭೆಯೊಂದರಲ್ಲಿ ತಾವು ಮಾಡಿದ ಭಾಷಣವನ್ನು ಪತ್ರಿಕೆಯಲ್ಲಿ ಓದಿದೆ. ಮಾನವ ಚಂದ್ರನ ಮೇಲಿಳಿದ ಚಿತ್ರವನ್ನು ನೋಡಲು ನುಗ್ಗೇಹಳ್ಳಿಯಲ್ಲಿ ಜನ ಕಿಕ್ಕಿರಿದು ನೆರೆದರೆಂದೂ, ಚನ್ನರಾಯಪಟ್ಟಣದಲ್ಲಿ ಚಪ್ಪಾಳೆ ತಟ್ಟಿದರೆಂದೂ, ಹಳ್ಳಿಮೈಸೂರಿನವರು ಮಾತ್ರ ಚಂದ್ರನಿಗೆ ಬೆನ್ನು ತಿರುಗಿಸಿ ಕುಳಿತರೆಂದೂ ಅಪ್ಪಣೆ ಕೊಡಿಸಿದ್ದೀರಿ. ಆಕಾಶದತ್ತ ತಲೆ ಎತ್ತದ ಇಂಥ ಜನಕ್ಕೆ ವಿಜ್ಞಾನ ಬಡಿಸುವುದು ವ್ಯರ್ಥ, ಇನ್ನು ಆ ಕಡೆಗೆ ವ್ಯಾನು ಕಳಿಸುವುದಿಲ್ಲ ಎಂದೂ ಹೇಳಿದ್ದೀರಿ. ಸಭೆ ನಕ್ಕಿತು ಎಂದು ವರದಿಗಾರರು ಬರೆದಿದ್ದಾರೆ. ನಾವು ಬೆನ್ನು ತಿರುಗಿಸಿದ್ದು ನಿಜ. ಆದರೆ ಯಾವ ಚಂದ್ರನಿಗೆ ಎಂಬುದನ್ನು ಹೇಳಲು ತಾವು ಮರೆತಿರಿ. ಅದನ್ನು ನೆನಪಿಸುವುದಕ್ಕೂ, ಅವತ್ತು ಒಬ್ಬ ಮುದುಕಿ ಕೇಳಿದ ಪ್ರಶ್ನೆಗೆ ತಮ್ಮಿಂದ ಬರಬೇಕಾದ ಉತ್ತರವನ್ನು ಕೇಳುವುದಕ್ಕೂ ಅದೇ ಪತ್ರಿಕೆಯ ಮೂಲಕ ಈ ಪತ್ರ ಬರೆಯುತ್ತಿದ್ದೇನೆ.

ನಾನು ಹಳ್ಳಿಮೈಸೂರಿನ ಶಾಲೆಯಲ್ಲಿ ಪಾಠ ಹೇಳುವವಳು. ಹುಟ್ಟಿ ಬೆಳೆದದ್ದು ಹೊಳೆನರಸೀಪುರದ ದೇವಸ್ಥಾನದ ಬೀದಿಯಲ್ಲಿ. ಅಲ್ಲಿ ನನ್ನ ಅಣ್ಣ ವರದರಾಜ ಪೂಜೆ ಮಾಡಿಕೊಂಡಿದ್ದಾನೆ. ತಮ್ಮ ವ್ಯಾನು ಬಂದ ದಿನ ಶಾಲೆಯ ಬಯಲನ್ನು ಗುಡಿಸಿಸಿ, ತಮಗೆ ಕುರ್ಚಿ ಹಾಕಿಸಿ, ಕಾಫಿ ತಂದುಕೊಟ್ಟವಳು ನಾನೇ. ಸಕ್ಕರೆ ಹೆಚ್ಚಾಯಿತೆಂದು ತಾವು ಹೇಳಿದಿರಿ. ಆ ಒಂದು ಆರೋಪವನ್ನು ನಾನು ಒಪ್ಪಿಕೊಳ್ಳುತ್ತೇನೆ.

ಅವತ್ತು ಯಾವ ದಿನವೆಂದು ತಮಗೆ ಈಗಲಾದರೂ ಯಾರಾದರೂ ತಿಳಿಸಿದ್ದಾರೆಯೇ? ಗಣೇಶನ ಚೌತಿ. ವರ್ಷದಲ್ಲಿ ಮುನ್ನೂರು ಚಿಲ್ಲರೆ ದಿನ ಚಂದ್ರನನ್ನು ಕಣ್ಣು ತುಂಬ ನೋಡುವ, ಅವನನ್ನು ತೋರಿಸಿ ಮಕ್ಕಳಿಗೆ ಅನ್ನ ತಿನ್ನಿಸುವ ನಮ್ಮ ಜನ, ಅವನತ್ತ ಕಣ್ಣೆತ್ತದೆ ಇರುವ ಸಂಜೆ ಒಂದೇ ಒಂದು. ಆ ಸಂಜೆ ಚಂದ್ರನನ್ನು ಕಂಡರೆ ಮಾಡದ ತಪ್ಪಿಗೆ ಅಪವಾದ ಹೊರಬೇಕಾಗುತ್ತದೆಂದು ಇಲ್ಲಿನ ಎಳೆ ಮಗುವಿಗೂ ಗೊತ್ತು. ಅಷ್ಟು ದಿನಗಳಲ್ಲಿ ಹುಡುಕಿ ಹುಡುಕಿ ಅದೊಂದೇ ದಿನವನ್ನು ಚಂದ್ರನ ಪ್ರದರ್ಶನಕ್ಕೆ ಗೊತ್ತುಮಾಡಿದ ತಮ್ಮ ಕಚೇರಿಯ ಜಾಣ್ಮೆಗೆ ಏನು ಹೇಳಲಿ? ಪಂಚಾಂಗ ನೋಡಿ ಎಂದು ನಾನು ಹೇಳುವುದಿಲ್ಲ. ಅದು ತಮ್ಮ ದರ್ಜೆಗೆ ಕಡಿಮೆಯಾದೀತು. ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಕೆಂಪು ಬಣ್ಣ ಬಳಿದಿರುತ್ತಾರೆ. ಅಷ್ಟನ್ನು ನೋಡಿದ್ದರೂ ಸಾಕಿತ್ತು.

ದಿನ ತಪ್ಪಿದ್ದನ್ನು ಜನ ಮನ್ನಿಸಿಬಿಟ್ಟಿದ್ದರು. ತಪ್ಪಿದ್ದು ದಿಕ್ಕು ಕೂಡ. ತಾವು ಪರದೆಯನ್ನು ಬಯಲಿನ ಪಡುವಣ ಅಂಚಿಗೆ, ಹೊಂಗೆಮರಕ್ಕೂ ಧ್ವಜದ ಕಂಬಕ್ಕೂ ನಡುವೆ ಕಟ್ಟಿಸಿದಿರಿ. ಚೌತಿಯ ಚಂದ್ರ ಹೊತ್ತು ಮುಳುಗಿದ ಮೇಲೆ ಕಾಣಿಸುವುದು ಅದೇ ಪಡುವಣದಲ್ಲಿ. ಆ ದಿನ ಮೋಡವೂ ನಮಗೆ ಕೈಕೊಟ್ಟಿತ್ತು. ಪರದೆಯನ್ನು ನೋಡಲು ತಲೆ ಎತ್ತಿದವನಿಗೆ ಅದರ ನೆತ್ತಿಯ ಮೇಲೆಯೇ ಅಸಲಿ ಚಂದ್ರ ಕಾಣಬೇಕು. ಪರದೆಯನ್ನು ಮೂಡಣಕ್ಕೆ ಬದಲಾಯಿಸಿ ಎಂದು ನಾನೇ ಬಂದು ಕೇಳಿಕೊಂಡೆ. ತಮ್ಮ ಡ್ರೈವರು ಒಳ್ಳೆಯವನು, ಹಗ್ಗ ಬಿಚ್ಚಲು ಎದ್ದೂಬಿಟ್ಟಿದ್ದ. ತಾವು ಅವನನ್ನು ಕೂರಿಸಿ, ಮೂಢನಂಬಿಕೆಗೆ ಸರ್ಕಾರ ತಲೆಬಾಗುವುದಿಲ್ಲ ಎಂದು ನನಗೆ ಕಾಲು ಗಂಟೆ ಪಾಠ ಹೇಳಿದಿರಿ. ಮನುಷ್ಯ ಲಕ್ಷಾಂತರ ಮೈಲಿ ದಾಟಿ ಹೋಗಿ ಬಂದ, ಒಂದು ಪರದೆಯನ್ನು ಬಯಲಿನ ಆಚೆಗೆ ದಾಟಿಸಲು ಮಾತ್ರ ಆಗಲಿಲ್ಲ.

ಆಮೇಲೆ ಏನಾಯಿತೆಂದು ತಾವು ಕುರ್ಚಿಯಿಂದ ಎದ್ದು ನೋಡಿದ್ದರೆ ಹಾಸನದ ಭಾಷಣವೇ ಬೇರೆಯಾಗುತ್ತಿತ್ತು. ಜನ ಮನೆಗೆ ಹೋಗಲಿಲ್ಲ ಸ್ವಾಮಿ, ಪರದೆಯ ಹಿಂದಕ್ಕೆ ಹೋದರು. ಅದು ತೆಳು ಬಟ್ಟೆ, ಚಿತ್ರ ಆ ಕಡೆಗೂ ಮೂಡುತ್ತದೆ. ಅಸಲಿ ಚಂದ್ರನಿಗೆ ಬೆನ್ನು ಕೊಟ್ಟು, ತಮ್ಮ ಚಂದ್ರನಿಗೆ ಮುಖ ಕೊಟ್ಟು, ಇಡೀ ಊರು ಕುಳಿತಿತು. ಈ ಉಪಾಯವನ್ನು ಮೊದಲು ಹೇಳಿದವರು ಯಾರೋ ಗೊತ್ತಿಲ್ಲ, ಆದರೆ ಹಬ್ಬವನ್ನೂ ಕೆಡಿಸದೆ ಚಿತ್ರವನ್ನೂ ಬಿಡದೆ ಇದ್ದ ಆ ತಲೆಯನ್ನು ನಾನು ಈಗಲೂ ಮೆಚ್ಚಿಕೊಳ್ಳುತ್ತೇನೆ. ಮುಂದುಗಡೆ ಉಳಿದದ್ದು ತಾವು, ತಮ್ಮ ಕುರ್ಚಿ, ಮತ್ತು ಯಾರದೋ ಕಟ್ಟುಬಿಚ್ಚಿದ ಎಮ್ಮೆ.

ಹಿಂದಿನಿಂದ ನೋಡಿದರೆ ಎಲ್ಲವೂ ತಿರುಗುಮುರುಗು. ಗಗನಯಾತ್ರಿಗಳು ಎಡಗೈಯಲ್ಲಿ ಸೆಲ್ಯೂಟ್ ಹೊಡೆದರು, ಬಾವುಟ ಆ ಕಡೆಯದು ಈ ಕಡೆಗೆ ಹರಡಿತು. ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ಬಂದವು. ಅವುಗಳನ್ನು ನಾನು ತಡವರಿಸುವ ಮೊದಲೇ ಪಟಪಟನೆ ಓದಿ ಎಲ್ಲರಿಗೂ ಹೇಳಿದವಳು ನನ್ನ ಏಳನೆಯ ತರಗತಿಯ ಮಾದಮ್ಮ. ಇನ್ನೊಂದು ಸಂಗತಿ ಹೇಳಬೇಕು. ಪರದೆಯ ಮುಂದೆ ಯಾರು ಎಲ್ಲಿ ಕೂರಬೇಕು, ಯಾರು ಎಷ್ಟು ದೂರ ಸರಿದಿರಬೇಕು ಎಂಬುದು ನಮ್ಮಲ್ಲಿ ಯಾರೂ ಹೇಳದೆಯೇ ಎಲ್ಲರಿಗೂ ಗೊತ್ತಿರುವ ವಿಷಯ. ಹಿಂದೆ ಕೂರುವುದಕ್ಕೆ ಮಾತ್ರ ಇನ್ನೂ ಪದ್ಧತಿ ಹುಟ್ಟಿರಲಿಲ್ಲ. ಆದ್ದರಿಂದ ದೇವಸ್ಥಾನದ ಬೀದಿಯ ನನ್ನ ಪಕ್ಕದಲ್ಲಿ, ಊರಾಚೆಯ ಕೇರಿಯ ಮಾಯಮ್ಮ ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಕುಳಿತಿದ್ದಳು. ಮಾಯಮ್ಮನೆಂದರೆ ಮಾದಮ್ಮನ ಅಜ್ಜಿ, ತಾಯಿಯಿಲ್ಲದ ಆ ಹುಡುಗಿಯನ್ನು ಕೂಲಿ ಮಾಡಿ ಸಾಕಿದವಳು. ತಮ್ಮ ಪ್ರದರ್ಶನದಿಂದ ಊರಿಗಾದ ಈ ಲಾಭಕ್ಕೆ ತಮಗೆ ವಂದನೆ ಹೇಳಲೇಬೇಕು. ತಾವು ಅದನ್ನು ಬಯಸಿರಲಿಲ್ಲ ಎಂಬುದು ಬೇರೆ ಮಾತು.

ಚಿತ್ರ ನಡೆಯುತ್ತ ಒಂದು ಕಡೆ ಚಂದ್ರನ ಬೂದುಬಣ್ಣದ ನೆಲ ಬಂತು. ಗಿಡವಿಲ್ಲ, ಹುಲ್ಲಿಲ್ಲ, ನೀರಿನ ಪಸೆಯಿಲ್ಲ. ಅದರ ಅಂಚಿನಾಚೆ, ಕಪ್ಪು ಆಕಾಶದಲ್ಲಿ, ನೀಲಿಯಾಗಿ ಏನೋ ತೇಲುತ್ತಿತ್ತು. ಅದು ಯಾವುದೆಂದು ಮಾಯಮ್ಮ ನನ್ನನ್ನು ಕೇಳಿದಳು. ಅದು ಭೂಮಿ, ನಾವಿರುವುದು ಅಲ್ಲೇ ಎಂದೆ. ಹಳ್ಳಿಮೈಸೂರೂ ಅದರೊಳಗೇ ಇದೆಯೇ ಎಂದಳು. ಇದೆ ಎಂದೆ. ಅವಳು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಎದ್ದು ನಿಂತು, ಪರದೆಗೇ ಮುಖ ಮಾಡಿ, ಆಚೆ ಕುಳಿತಿದ್ದ ತಮಗೆ ಕೇಳುವ ಹಾಗೆ ಕೇಳಿದಳು:

"ಸಾ, ಅಷ್ಟ್ ಚೆಂದಾಗಿರೋ ಭೂಮಿ ಇಲ್ಲೈತಲ್ಲ, ಇದ್ನ ಬುಟ್ಟು ಆ ಬೂದಿ ಗುಡ್ಡೆಗೆ ಯಾಕ್ ಓದ್ರು?"

ತಮಗೆ ನೆನಪಿರಬೇಕು, ಹಾಸನದಲ್ಲಿ ಇದನ್ನು ತಾವು ಅಣಕಿಸಿ ಹೇಳಿದ್ದೀರಂತೆ. ಆದರೆ ಅಂದು ಮೈಕಿನಲ್ಲಿ ಕೊಟ್ಟ ಉತ್ತರವನ್ನು ಸಭೆಗೆ ಹೇಳಿಲ್ಲ. ಅದನ್ನು ನಾನು ಹೇಳುತ್ತೇನೆ. "ಯಾರ್ರೀ ಅದು ಹಿಂದುಗಡೆ? ಅರ್ಥವಾಗದಿದ್ದರೆ ಬಾಯಿ ಮುಚ್ಚಿಕೊಂಡು ಕೂತ್ಕೊಳ್ಳಿ." ಇದು ತಮ್ಮ ಉತ್ತರ. ಮಾಯಮ್ಮ ಕೂತಳು. ಮಾದಮ್ಮ ತಲೆ ತಗ್ಗಿಸಿದಳು. ಆಮೇಲೆ ಬಂದ ಅಕ್ಷರಗಳನ್ನು ಅವಳು ಓದಲಿಲ್ಲ.

ಮಾನ್ಯರೇ, ಆ ಪ್ರಶ್ನೆಯಲ್ಲಿ ಅರ್ಥವಾಗದ್ದು ಏನಿತ್ತು? ಆ ಪ್ರಯಾಣಕ್ಕಾಗಿ ಕೋಟ್ಯಂತರ ಸುರಿದ ದೇಶದಲ್ಲಿಯೇ ಇದನ್ನು ಕೇಳುವವರು ಇದ್ದಾರೆಂದು ಪತ್ರಿಕೆಗಳು ಬರೆಯುತ್ತಿವೆ. ಅಲ್ಲಿ ಅದನ್ನು ಕೇಳಿದವರು ಪ್ರಾಧ್ಯಾಪಕರಾದರೆ ಅದು ಚಿಂತನೆ, ಇಲ್ಲಿ ಕೂಲಿಯ ಹೆಂಗಸು ಕೇಳಿದರೆ ಗಲಾಟೆಯೇ? ಆಕಾಶದತ್ತ ತಲೆ ಎತ್ತದ ಜನ ಎಂದಿರಲ್ಲ, ಆರಿದ್ರೆ ಬಂತೇ, ಪುನರ್ವಸು ಸುರಿಯಿತೇ ಎಂದು ನಕ್ಷತ್ರಗಳ ಹೆಸರು ಹಿಡಿದು ಮಳೆಯನ್ನು ಕರೆಯುವವರು ನಾವು. ಇಲ್ಲಿ ಮೇಲೆ ನೋಡದೆ ಒಂದು ಸೇರು ರಾಗಿಯನ್ನೂ ಯಾರೂ ಬಿತ್ತುವುದಿಲ್ಲ. ತಮ್ಮ ಕಚೇರಿಗೆ ಆಕಾಶದ ವಿಚಾರ ಬಂದದ್ದು ಹೋದ ಜುಲೈನಲ್ಲಿ. ಚಂದ್ರನಿಗೆ ಹೆದರಿ ಬೆನ್ನು ತಿರುಗಿಸುವವನು ಕೂಡ ಚಂದ್ರನನ್ನು ಲೆಕ್ಕಕ್ಕೆ ಇಟ್ಟುಕೊಂಡಿರುತ್ತಾನೆ. ತಾವು ಅವನ ಎದುರಿಗೇ ಎರಡು ಗಂಟೆ ಕೂತು, ಅವನು ಎಲ್ಲಿದ್ದಾನೆಂದೇ ನೋಡಲಿಲ್ಲ.

ಅಥವಾ ನೋಡಿರಲೂಬಹುದು. ಹಾಗಿದ್ದರೆ ನನ್ನದೊಂದು ಸಣ್ಣ ತಕರಾರಿದೆ. ಚೌತಿ ಚಂದ್ರನನ್ನು ಕಂಡವರು ಅಪವಾದ ಹೊರಬೇಕೆಂದು ಶಾಸ್ತ್ರ. ಅವತ್ತು ಕಂಡವರು ತಾವೊಬ್ಬರೇ, ಅಪವಾದ ಬಂದದ್ದು ಕಾಣದೆ ಇದ್ದ ಇಡೀ ಊರಿಗೆ. ಈ ಮಾತನ್ನು ಅಣ್ಣ ವರದರಾಜನಿಗೆ ಹೇಳಿದೆ. ಅವನು, ಮೇಲಿನವರ ಪಾಲಿಗೆ ಬಂದದ್ದನ್ನು ಕೆಳಗಿನವರಿಗೆ ವರ್ಗಾಯಿಸುವ ಏರ್ಪಾಡು ಸರ್ಕಾರದಲ್ಲಿ ಇದ್ದೀತು ಎಂದ. ತಾವು ಒಪ್ಪಿದರೆ ಹಾಸನಕ್ಕೇ ಬಂದು ಸ್ಯಮಂತಕೋಪಾಖ್ಯಾನವನ್ನು ಓದಿ ಹೇಳುತ್ತಾನಂತೆ, ಅದನ್ನು ಕೇಳಿದರೆ ದೋಷ ಪರಿಹಾರವಂತೆ. ದಕ್ಷಿಣೆ ಬೇಡ, ಬಸ್ಸಿನ ಖರ್ಚೂ ಅವನದೇ.

ತಮಾಷೆ ಸಾಕು. ದೀಪಾವಳಿಯ ರಜೆ ಕಳೆದು ಶಾಲೆ ತೆರೆದಾಗ ಮಾದಮ್ಮ ಬರಲಿಲ್ಲ. ಕೇರಿಗೆ ಹೋಗಿ ವಿಚಾರಿಸಿದೆ. ಅವಳು ರಾಗಿ ಕುಯಿಲಿಗೆ ಹೋಗಿದ್ದಳು. ಜಾಣ ಹುಡುಗಿ, ಪರೀಕ್ಷೆ ಮುಗಿಸಲಿ, ಹೈಸ್ಕೂಲಿಗೆ ಕಳಿಸು, ವಿಜ್ಞಾನ ಓದಲಿ ಎಂದು ಗೋಗರೆದೆ. ಮಾಯಮ್ಮ ಕೋಪದ ಹೆಂಗಸಲ್ಲ. ನನಗೆ ಕೂರಲು ಚಾಪೆ ಕೊಟ್ಟು ನಿಧಾನವಾಗಿ ಹೇಳಿದಳು:

"ನಾನು ಒಂದ್ ಮಾತ್ ಕೇಳಿದ್ಕೇ ಬಾಯ್ ಮುಚ್ಚು ಅಂದ್ರು ಕಣವ್ವ. ಇವ್ಳು ನೂರ್ ಮಾತ್ ಕೇಳೋಳು. ಓದಿ ದೊಡ್ಡೋರ್ ಮುಂದೆ ನಿಂತ್ರೆ ಇವ್ಳಿಗೆ ಇನ್ನೇನಂತಾರೋ."

ಅವಳು ಆ ಪ್ರಶ್ನೆಯನ್ನು ಕುಚೋದ್ಯಕ್ಕೆ ಕೇಳಿರಲಿಲ್ಲ. ಮೊಮ್ಮಗಳು ದಿನವೂ ಮನೆಯಲ್ಲಿ ನಕ್ಷತ್ರ, ಗ್ರಹ, ರಾಕೆಟ್ಟು ಎಂದು ಹೇಳುತ್ತಿದ್ದಳಂತೆ. ಅಷ್ಟು ದೂರದ ವಿಷಯ ಯಾತಕ್ಕೆ ಬೇಕು, ಅದಕ್ಕಾಗಿ ಕೂಲಿ ಬಿಡಿಸಿ ಹುಡುಗಿಯನ್ನು ಓದಿಸಬಹುದೇ ಎಂದು ತಿಳಿಯಲು, ತಿಳಿದವರು ಊರಿಗೆ ಬಂದಾಗ ಎದ್ದು ಕೇಳಿದ್ದಳು.

ಉತ್ತರ ನಾನೇ ಹೇಳಲು ನೋಡಿದೆ. ಆಕಾಶಕ್ಕೆ ಬಿಟ್ಟ ಉಪಗ್ರಹಗಳು ಮೋಡದ ಚಿತ್ರ ತೆಗೆದು ಕಳಿಸುತ್ತವೆ, ಮುಂದೆ ಮಳೆಯ ಸುಳಿವನ್ನೂ ಮುಂಚೆಯೇ ಕೊಟ್ಟಾವು ಎಂದೆ. ಚಂದ್ರನ ಕಲ್ಲಿನಿಂದ ಭೂಮಿಯ ಹುಟ್ಟು ತಿಳಿದೀತು ಎಂದೆ. ನನಗೆ ನಿಜವಾಗಿ ಅನ್ನಿಸಿದ್ದನ್ನೂ ಹೇಳಿದೆ. ಇಲ್ಲೇ ಹುಟ್ಟಿ ಇಲ್ಲೇ ಮುದುಕಿಯಾಗುತ್ತಿರುವ ನನಗೆ ಭೂಮಿ ಅಷ್ಟು ಒಂಟಿ, ಅಷ್ಟು ಚೆಲುವೆ ಎಂದು ಗೊತ್ತಾದದ್ದು ಅವತ್ತು, ಯಾರೋ ಅಷ್ಟು ದೂರ ಹೋಗಿ ತಿರುಗಿ ನೋಡಿದ್ದರಿಂದ. ಅಷ್ಟಕ್ಕೇ ಹೋದರೇ, ಅಷ್ಟಕ್ಕೆ ಹೋಗಬಹುದೇ ಎಂದರೆ ನನಗೆ ತಿಳಿಯದು. ಮೊದಲು ಭೂಮಿಯನ್ನು ನೆಟ್ಟಗೆ ಮಾಡಿ, ಆಮೇಲೆ ಚಂದ್ರನ ಮಾತು ಎನ್ನುವವರನ್ನೂ ಕಂಡಿದ್ದೇನೆ. ಅವರಲ್ಲಿ ಭೂಮಿಗಾಗಿ ಗುದ್ದಲಿ ಹಿಡಿದವರು ಬಹಳ ಕಡಿಮೆ. ಮಾಯಮ್ಮ ಎಲ್ಲವನ್ನೂ ಕೇಳಿ, ನೀನು ಇಸ್ಕೂಲಿನವಳು, ಹುಡುಗಿ ಇಸ್ಕೂಲಿಗೆ ಬರಲಿ ಅಂತಲೇ ಹೇಳುತ್ತೀಯ, ಹೇಳಬೇಕಾದವರು ಹೇಳಲಿ ಎಂದಳು. ನನ್ನ ಸಾಕ್ಷ್ಯ ಬಿದ್ದುಹೋಯಿತು.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಸಂಕ್ರಾಂತಿಯೊಳಗೆ ತಾವು ಮತ್ತೆ ಹಳ್ಳಿಮೈಸೂರಿಗೆ ಬರಬೇಕು. ವ್ಯಾನು ಬೇಡ, ಪರದೆ ಬೇಡ, ಮೈಕು ಖಂಡಿತ ಬೇಡ. ಕೇರಿಯಲ್ಲಿ ಮಾಯಮ್ಮನ ಚಾಪೆಯ ಮೇಲೆ ಕೂತು ಅವಳ ಪ್ರಶ್ನೆಗೆ ಉತ್ತರ ಹೇಳಬೇಕು. ಸರ್ಕಾರಿ ನೌಕರಳಾಗಿ ಪತ್ರಿಕೆಗೆ ಹೀಗೆ ಬರೆದದ್ದಕ್ಕೆ ನನ್ನನ್ನು ಅರಕಲಗೂಡಿನ ಆಚೆ ಯಾವುದಾದರೂ ಮೂಲೆಗೆ ವರ್ಗ ಮಾಡಿಸುವುದು ತಮಗೆ ಕಷ್ಟವಲ್ಲ. ಮಾಡಿಸಿ, ಪೆಟ್ಟಿಗೆ ಕಟ್ಟಿಕೊಂಡು ಹೋಗುತ್ತೇನೆ. ಆದರೆ ಮೊದಲು ಬಂದು ಉತ್ತರ ಹೇಳಿ.

ಒಂದು ವೇಳೆ ತಮಗೂ ಉತ್ತರ ಗೊತ್ತಿಲ್ಲದಿದ್ದರೆ? ಹಾಗೆ ಇರಲಾರದೆಂದು ನಾನು ಮಾಯಮ್ಮನಿಗೆ ಹೇಳಿದೆ, ಅಷ್ಟು ದೊಡ್ಡ ಹುದ್ದೆಯವರ ಮರ್ಯಾದೆ ಕಾಯಬೇಕಲ್ಲ. ಅದಕ್ಕೆ ಅವಳು ಹೇಳಿದ್ದನ್ನು ಇದ್ದ ಹಾಗೆಯೇ ಇಲ್ಲಿ ಬರೆಯುತ್ತಿದ್ದೇನೆ:

"ಗೊತ್ತಿಲ್ಲ ಅಂತಾದ್ರೂ ಏಳ್ಲಿ ಕಣವ್ವ. ಅವ್ರಿಗೂ ಗೊತ್ತಿಲ್ಲ ಅಂದ್ರೆ, ತಿಳ್ಕಂಡ್ ಬಾ ಅಂತ ಇವ್ಳನ್ನ ಕಳುಸ್ತೀನಿ."

ಕೇಳಿದಿರಾ? ತಮ್ಮ ಬಾಯಿಂದ ಬರಬೇಕಾದದ್ದು ಒಂದೇ ಮಾತು. ಏಳನೆಯ ತರಗತಿಯಲ್ಲಿ ಒಂದು ಜಾಗ ಖಾಲಿ ಇಟ್ಟುಕೊಂಡು ಕಾಯುತ್ತಿದ್ದೇನೆ.

ಇಂತಿ,
ಅವತ್ತು ತಮ್ಮ ಕಣ್ಣಿಗೆ ಬೀಳದೆ ಪರದೆಯ ಹಿಂದೆ ಕುಳಿತಿದ್ದ,
ಕಾಫಿಗೆ ಸಕ್ಕರೆ ಹೆಚ್ಚು ಹಾಕಿದ ಉಪಾಧ್ಯಾಯಿನಿ,
ಗೋದಮ್ಮ
ಹಳ್ಳಿಮೈಸೂರು (ವರ್ಗವಾಗುವವರೆಗೆ)